ಎರಡು ವರ್ಷ ಬಸುರಾಗಬಾರದು

ಅತ್ತೆಯ ಮನೆಯಲ್ಲಿ ನಾನು ಹೆಸರು ಮಾಡಿದ್ದು ಒಂದೇ ಕಾರಣಕ್ಕೆ. ನಾನು ತಿಂಗಳು ತಿಂಗಳು ಹೊರಗೆ ಕೂರುತ್ತಿರಲಿಲ್ಲ. ದೇವರಾಯಸಮುದ್ರದ ಕೆರೆಯಿಂದ ಸ್ವಲ್ಪ ದೂರದಲ್ಲಿ, ಹಿಪ್ಪುನೇರಳೆ ತೋಟಕ್ಕೆ ಅಂಟಿಕೊಂಡು ನಮ್ಮ ಮನೆ. ಮನೆಯ ಪಕ್ಕಕ್ಕೇ ರೇಷ್ಮೆ ಹುಳು ಸಾಕುವ ಉದ್ದನೆಯ ಕೋಣೆ, ಅದನ್ನು ಹುಳುಮನೆ ಎನ್ನುತ್ತಿದ್ದೆವು. ಮುಟ್ಟಾದ ಹೆಂಗಸು ಅದರ ಹೊಸಿಲು ದಾಟುವಂತಿರಲಿಲ್ಲ, ಸೊಪ್ಪು ಮುಟ್ಟುವಂತಿರಲಿಲ್ಲ. ಅವಳ ನೆರಳು ತಟ್ಟೆಗಳ ಮೇಲೆ ಬಿದ್ದರೂ ಹುಳು ಕೆಟ್ಟುಹೋಗುತ್ತದೆ ಎಂದು ಎಲ್ಲರೂ ನಂಬಿದ್ದರು. ಮೊಟ್ಟೆ ಒಡೆದಲ್ಲಿಂದ ಗೂಡು ಬಿಡಿಸುವ ತನಕ ಹೆಚ್ಚು ಕಡಿಮೆ ಒಂದು ತಿಂಗಳ ಕೆಲಸ. ಅಷ್ಟರೊಳಗೆ ಮನೆಯ ಹೆಂಗಸರೆಲ್ಲ ಒಂದು ಸಲವಾದರೂ ಹೊರಗಾಗುವವರೇ. ನಾನು ಮಾತ್ರ ಆಗುತ್ತಿರಲಿಲ್ಲ. ನನಗೆ ನಾಲ್ಕು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ, ಅದೂ ಬಂದರೆ ಬಂತು.

ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲೆ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಮೇಲೆ, ಹಗಲು ರಾತ್ರಿ ಎನ್ನದೆ ಮೇಯುತ್ತದೆ. ಮಳೆ ಸುರಿದ ಹಾಗೆ ಸದ್ದು. ಆಗ ಮನೆಯಲ್ಲಿ ಒಂದು ಕೈ ಕಡಿಮೆಯಾದರೂ ಕಷ್ಟ. ನನ್ನ ವಾರಗಿತ್ತಿ ಸರಿಯಾಗಿ ಆ ಹೊತ್ತಿಗೇ ಜಗಲಿಯ ಮೂಲೆ ಹಿಡಿದು ಕೂರುತ್ತಿದ್ದಳು, ನಮ್ಮ ಅತ್ತೆ ಹಲ್ಲು ಕಡಿಯುತ್ತಿದ್ದರು. ನಾನು ಬಂದ ಮೇಲೆ ಅವರಿಗೆ ಚಿಂತೆ ತಪ್ಪಿತು. "ಈ ಯಮ್ಮನ ಕೈಗುಣ ನೋಡ್ರಿ, ಬೆಳೆ ಮೇಲೆ ಬೆಳೆ ಬರ್ತೈತೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಹತ್ತೊಂಬತ್ತು ವರ್ಷದ ಹುಡುಗಿ ನಾನು, ಹೊಗಳಿಕೆಗೆ ಉಬ್ಬಿಹೋದೆ. ಕೈಗುಣವೂ ಇಲ್ಲ, ಮಣ್ಣೂ ಇಲ್ಲ, ಅದು ರೋಗ ಎಂದು ಹೇಳುವವರು ಯಾರಿದ್ದರು?

ನಾನು ದಪ್ಪ. ಈಗಿನವರು ಬೇರೆ ಬೇರೆ ನಯವಾದ ಮಾತುಗಳಲ್ಲಿ ಹೇಳುತ್ತಾರೆ, ನನಗೆ ಅದೆಲ್ಲ ಬೇಕಿಲ್ಲ. ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ನನ್ನನ್ನು ಡುಮ್ಮಿ ಎಂದೇ ಕರೆಯುತ್ತಿದ್ದರು. ಹೆಣ್ಣು ನೋಡಲು ಬಂದಾಗ ಅತ್ತೆ ನನ್ನ ಕೈ ಹಿಡಿದು ತೋಳು ಒತ್ತಿ ನೋಡಿ, "ಮೈ ಕೈ ತುಂಬ್ಕೊಂಡೈತೆ, ಒಳ್ಳೆ ಮನೆಯಾಗೆ ತಿಂದು ಬೆಳೆದ ಹುಡುಗಿ" ಎಂದು ಅಲ್ಲೇ ಒಪ್ಪಿದರು. ಮದುವೆಯಾದ ಮೇಲೆ ಇನ್ನೂ ದಪ್ಪಗಾದೆ. ಮುಳಬಾಗಿಲು ಬಸ್ಸಿನ ಕಂಡಕ್ಟರ್ ಒಮ್ಮೆ ಎಲ್ಲರೆದುರು, "ಅಕ್ಕಾ, ಒಂದೂವರೆ ಟಿಕೆಟ್ ಹರೀಲಾ?" ಎಂದ. ಇಡೀ ಬಸ್ಸು ನಕ್ಕಿತು. ನನ್ನ ಗಂಡನೂ ಕಿಟಕಿ ಕಡೆ ಮುಖ ತಿರುಗಿಸಿಕೊಂಡು ನಕ್ಕರು, ಅದನ್ನು ನಾನು ನೋಡಿದೆ.

ಹುಳು ಬೆಳೆಯುತ್ತಿತ್ತು, ವರ್ಷಗಳು ಹೋಗುತ್ತಿದ್ದವು, ಮಗು ಆಗಲಿಲ್ಲ. ವಾರಗಿತ್ತಿಗೆ ಮೂರಾದವು. ಅವಳ ಮಕ್ಕಳಿಗೆ ಎಣ್ಣೆ ಒತ್ತಿ ನೀರು ಹಾಕುವುದು ನನ್ನ ಕೆಲಸವಾಯಿತು. ಬೆನ್ನಿಗೆ ಬಿಸಿನೀರು ಬಿದ್ದಾಗ ಅವು ಚೀರುವುದು, ಆಮೇಲೆ ಸಾಂಬ್ರಾಣಿ ಹೊಗೆ ಹಿಡಿದಾಗ ತೊಡೆಯ ಮೇಲೇ ನಿದ್ದೆ ಹೋಗುವುದು. ನಿದ್ದೆ ಹೋದದ್ದನ್ನು ಅವರ ಅಮ್ಮನಿಗೆ ಕೊಟ್ಟು ನಾನು ಸೊಪ್ಪು ಕತ್ತರಿಸಲು ಹೋಗುತ್ತಿದ್ದೆ. ನನಗೊಂದು ಮಗು ಬೇಕಿತ್ತು. ಹಸಿವಾದವಳಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು. ಬೇರೆ ಆಸೆ ನನಗೆ ಯಾವುದೂ ಉಳಿದಿರಲಿಲ್ಲ.

ಕೋಲಾರದಲ್ಲಿ ಒಬ್ಬ ಲೇಡಿ ಡಾಕ್ಟರು ಇದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ಗಂಡನನ್ನು ಕಾಡಿಬೇಡಿ ಅವರ ಹತ್ತಿರ ಹೋದೆ. ಎರಡು ವಿಷಯಗಳನ್ನು ಸೇರಿಸಿ ನೋಡಿದವರು ಅವರೇ ಮೊದಲು. "ಮುಟ್ಟು ಬರ್ತಿಲ್ಲ ಅಂದ್ರೆ ಒಳಗೆ ಅಂಡ ಬಿಡ್ತಿಲ್ಲ ಅಂತ. ಅಂಡ ಇಲ್ದೆ ಮಗು ಎಲ್ಲಿಂದ ಬರುತ್ತಮ್ಮ? ನಿನ್ನ ಮೈಯ ಕೊಬ್ಬೇ ಅದನ್ನ ತಡೀತಿದೆ. ತೂಕ ಇಳಿಸು, ಮೊದಲು ಅದು" ಎಂದರು. ನಾನು ಬೆಪ್ಪಾಗಿ ಕೂತಿದ್ದೆ. ಮನೆಯಲ್ಲಿ ಯಾವುದಕ್ಕಾಗಿ ನನ್ನನ್ನು ತಲೆಯ ಮೇಲೆ ಹೊತ್ತುಕೊಂಡಿದ್ದರೋ ಅದೇ ನನ್ನ ಮಗುವನ್ನು ತಡೆದು ನಿಂತಿತ್ತು.

ಅಂದಿನಿಂದ ಮುದ್ದೆ ಅರ್ಧ ಮಾಡಿದೆ, ರಾತ್ರಿ ಬರೀ ಮಜ್ಜಿಗೆ ಕುಡಿದೆ. ತೂಕ ನೋಡಲು ಹಳ್ಳಿಯಲ್ಲಿ ಏನಿತ್ತು? ಮುಳಬಾಗಿಲಿನ ಹುಣಸೆಹಣ್ಣಿನ ಮಂಡಿಯಲ್ಲಿ ಮೂಟೆ ತೂಗುವ ಯಂತ್ರದ ಮೇಲೆ ಹತ್ತಿ ನಿಂತೆ, ಹಮಾಲಿಗಳು ಮೀಸೆಯಡಿ ನಕ್ಕರು. ಅದನ್ನು ಸಹಿಸಿಕೊಂಡೆ. ಸಹಿಸಲಾಗದ್ದು ಅತ್ತೆಯ ಪ್ರೀತಿ. ಅವರ ತವರು ನಂಗಲಿಯಿಂದಾಚೆ, ಕೋಪ ಬಂದಾಗ ಮತ್ತು ಮುದ್ದು ಬಂದಾಗ ತೆಲುಗೇ ಬರುತ್ತಿತ್ತು. "ಇಂಕೊಂಚೆಂ ತಿನು ತಲ್ಲೀ" ಎಂದು ಬಲವಂತವಾಗಿ ಇನ್ನೊಂದು ತುತ್ತು ಬಡಿಸುವರು. ನಾನು ಸೊರಗಿದರೆ ಸೊಸೆಗೆ ಅನ್ನ ಹಾಕದ ಮನೆ ಎಂದು ಊರು ಆಡಿಕೊಳ್ಳುತ್ತದೆ ಎಂಬ ಭಯ ಅವರಿಗೆ. ಜೊತೆಗೆ ಹುಳುಮನೆಯ ಕೈಗುಣ ಹೋಗಿಬಿಟ್ಟರೆ ಎಂಬ ಭಯ. ಇಳಿಸಿದ್ದೆಲ್ಲ ಮತ್ತೆ ಏರಿತು, ಬಡ್ಡಿ ಸಮೇತ ಏರಿತು.

ಹೀಗೆ ನನಗೆ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ಆದಾಗ ನಂಗಲಿಯಲ್ಲಿದ್ದ ಅತ್ತೆಯ ತಮ್ಮನ ಮಗಳು ನಮ್ಮ ಮನೆಗೆ ಪದೇ ಪದೇ ಬರತೊಡಗಿದಳು. ನನ್ನ ಗಂಡನಿಗೆ ವರಸೆಯ ಹುಡುಗಿ. ಒಳ್ಳೆಯವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಎರಡನೇ ಮದುವೆ ಕೂಡದು ಎಂಬ ಕಾನೂನು ಕೋಲಾರದ ಕೋರ್ಟಿನಲ್ಲಿತ್ತು, ನಮ್ಮೂರ ತನಕ ಅದಕ್ಕೆ ಬಸ್ಸು ಸಿಕ್ಕಿರಲಿಲ್ಲ. ನಾನು ಗಂಡನನ್ನೇ ಕೇಳಿದೆ. ಅವರು, "ನಾನೇನ್ ಮಾಡ್ಲಿ ಹೇಳು, ಅಮ್ಮ ಬಿಡ್ತಿಲ್ಲ ಕಣೇ" ಎಂದರು. ಕೆಟ್ಟವರಲ್ಲ ಅವರು. ಕೆಟ್ಟವರಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ಮತ್ತೆ ಕೋಲಾರದ ಡಾಕ್ಟರ ಕಾಲು ಹಿಡಿದೆ. ಅವರ ಜೊತೆ ಓದಿದ್ದವರೊಬ್ಬರು ಹೊರದೇಶದಲ್ಲಿ ಕೆಲಸ ಮಾಡಿ ಬಂದು ಮದರಾಸಿನಲ್ಲಿದ್ದರು, ತೀರಾ ದಪ್ಪಗಿರುವವರಿಗೆ ಹೊಟ್ಟೆಯ ಆಪರೇಷನ್ ಮಾಡುತ್ತಿದ್ದರು. ಆಗ ಅಂಥದ್ದೊಂದು ಇದೆ ಎಂದೇ ನಮ್ಮ ಕಡೆ ಯಾರೂ ಕೇಳಿರಲಿಲ್ಲ. ನಾನು, ಗಂಡ, ಅತ್ತೆ ಮೂವರೂ ಹೋದೆವು. ಆ ಡಾಕ್ಟರಿಗೆ ತೆಲುಗು ಬರುತ್ತಿತ್ತು, ಅತ್ತೆಯ ಜೊತೆ ನೇರವಾಗಿ ಮಾತಾಡಿದರು. ಹೊಟ್ಟೆಯ ಚೀಲವನ್ನು ಹೊಲಿದು ಚಿಕ್ಕದು ಮಾಡುತ್ತೇವೆ, ಆಮೇಲೆ ನಾಲ್ಕು ತುತ್ತಿಗೆ ಹೊಟ್ಟೆ ತುಂಬುತ್ತದೆ, ತೂಕ ತಾನಾಗಿ ಇಳಿಯುತ್ತದೆ, ಜೀವಕ್ಕೆ ಅಪಾಯವೂ ಇಲ್ಲದಿಲ್ಲ ಎಂದರು. "ಬಿಡ್ಡ ಅವುತುಂದಾ?" ಎಂದು ಅತ್ತೆ ಕೇಳಿದ್ದು ಅದೊಂದೇ, ಮಗು ಆಗುತ್ತಾ ಎಂದು. ಆಗಬಹುದು ಎಂದರು ಡಾಕ್ಟರು. ಆಮೇಲೆ ಆ ಮಾತು ಹೇಳಿದರು. ಮುಟ್ಟು ಬೇಗ ಸರಿಹೋಗುತ್ತದೆ, ನೀವು ನೆನೆಸುವ ಮೊದಲೇ ಬಸಿರು ನಿಂತುಬಿಡಬಹುದು, ಆದರೆ ಎರಡು ವರ್ಷ ಬಸುರಾಗಬಾರದು. ತೂಕ ಇಳಿಯುವ ಕಾಲದಲ್ಲಿ ಇವರ ಮೈಗೇ ಸಾಲುವುದಿಲ್ಲ, ಮಗುವಿಗೆ ಎಲ್ಲಿಂದ ತರುತ್ತಾರೆ?

ನನ್ನ ಗಂಡನ ಕೈಗೆ ನಿರೋಧ್ ಪೊಟ್ಟಣಗಳನ್ನು ಕೊಟ್ಟರು. ಊರೂರಿನ ಗೋಡೆಗಳ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದಿದ್ದ ಕಾಲ ಅದು. ಮಕ್ಕಳು ಹೆಚ್ಚಾದವರಿಗೆ ಅಂತ ಇದ್ದ ವಸ್ತುವನ್ನು ಒಂದೂ ಇಲ್ಲದವರ ಕೈಗೆ ಕೊಟ್ಟಾಗ ನನ್ನ ಗಂಡನ ಮುಖ ನೋಡಬೇಕಿತ್ತು. ಅತ್ತೆ ಏನೆಂದು ಕೇಳಿದರು. ಯಾರೂ ಹೇಳಲಿಲ್ಲ.

ಆಪರೇಷನ್ ಆಯಿತು. ನೋವಿನ ಬಗ್ಗೆ ಬರೆಯುವುದಿಲ್ಲ, ಎಲ್ಲರ ನೋವೂ ಒಂದೇ ಥರ. ಮನೆಗೆ ಬಂದ ಮೇಲೆ ಒಂದು ಲೋಟ ರಾಗಿ ಗಂಜಿಯನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಗುಟುಕು ಗುಟುಕಾಗಿ ಕುಡಿಯುತ್ತಿದ್ದೆ. ಒಂದು ಗುಟುಕು ಹೆಚ್ಚಾದರೆ ವಾಂತಿ. ಕೂದಲು ಹಿಡಿ ಹಿಡಿ ಉದುರಿತು. ಕುಪ್ಪಸಗಳು ಸಡಿಲವಾದವು, ಹೊಟ್ಟೆಯ ಚರ್ಮ ಖಾಲಿ ಚೀಲದ ಹಾಗೆ ಜೋತುಬಿತ್ತು. ಹೆಂಗಸರು ನೋಡಿ ಕ್ಷಯ ಇರಬೇಕು ಎಂದು ಪಿಸುಗುಟ್ಟಿದರು. ಇರಲಿ ಬಿಡಿ, ನನಗೇನು. ಮುಟ್ಟು ಬಂತು. ಮುಂದಿನ ತಿಂಗಳೂ ಬಂತು, ಅದರ ಮುಂದಿನ ತಿಂಗಳೂ ಬಂತು. ಜಗಲಿಯ ಮೂಲೆಯಲ್ಲಿ ವಾರಗಿತ್ತಿ ಕೂರುತ್ತಿದ್ದ ಚಾಪೆಯ ಮೇಲೆ ನಾನು ಕೂತೆ. ಒಳಗೆ ಹುಳು ಮೇಯುವ ಸದ್ದು, ನನಗೆ ಒಳಗೆ ಪ್ರವೇಶವಿಲ್ಲ. ಅಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಅತ್ತೆಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. ಹುಳುಮನೆಗೆ ಕೂಲಿ ಹೆಂಗಸನ್ನು ಕರೆಯಬೇಕಾಯಿತು. ಆ ದಿನಗಳಲ್ಲೇ ಟ್ರಂಕಿನೊಳಗಿದ್ದ ಪೊಟ್ಟಣಗಳು ಅವರ ಕೈಗೆ ಸಿಕ್ಕವು. ಅದೇನೆಂದು ವಾರಗಿತ್ತಿ ಬಿಡಿಸಿ ಹೇಳಿದಳು. ಅತ್ತೆ ನಮ್ಮಿಬ್ಬರನ್ನೂ ನಡುಮನೆಯಲ್ಲಿ ನಿಲ್ಲಿಸಿಕೊಂಡು ಅತ್ತರು. "ಹತ್ತು ವರ್ಷದಿಂದ ಬೇಡ್ಕೊಂಡಿದ್ದು ಈಗ ಬಾಗ್ಲಿಗೆ ಬರೋ ಹೊತ್ತು. ನೀವು ಬಾಗ್ಲು ಹಾಕ್ಕೊಂತೀರಾ? ಎರಡು ವರ್ಷ ನಾನೆಲ್ಲಿ ಕಾಯ್ಲಿ, ಇವಳಿಗೆ ಮೂವತ್ತಾಯ್ತಲ್ಲಾ?"

"ಡಾಕ್ಟ್ರು ಹೇಳಿದ್ದು ಕೇಳಿಲ್ವಾ ಅತ್ತಮ್ಮಾ?" ಎಂದೆ.

"ಆಗಬಹುದು ಅಂದ್ರು, ಅದನ್ನ ಕೇಳ್ದೆ" ಎಂದರು.

ಪೊಟ್ಟಣಗಳು ತಿಪ್ಪೆಗೆ ಹೋದವು. ನನ್ನ ಗಂಡ ಬೇರೆ ತರಲಿಲ್ಲ. ನಮ್ಮ ಹಳ್ಳಿಗೆ ಬರುತ್ತಿದ್ದ ನರ್ಸಮ್ಮನ ಹತ್ತಿರ ಮಕ್ಕಳಿಲ್ಲದ ಗಂಡಸು ಹೋಗಿ ಅದನ್ನು ಕೇಳುವುದು ಸಾಧ್ಯವೇ? ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ನಿಜ ಹೇಳಬೇಕೆಂದರೆ ಅಷ್ಟು ಬೇಗ ಬಸಿರು ನಿಲ್ಲುತ್ತದೆ ಎಂದು ಮೂವರಲ್ಲಿ ಯಾರೂ ನಂಬಿಯೂ ಇರಲಿಲ್ಲ. ಹತ್ತು ವರ್ಷ ಆಗದ್ದು ಹತ್ತು ದಿನದಲ್ಲಿ ಆಗಿಬಿಡುತ್ತದೆಯೇ?

ಆಪರೇಷನ್ ಆಗಿ ವರ್ಷ ಇನ್ನೂ ತುಂಬಿರಲಿಲ್ಲ, ಮುಟ್ಟು ನಿಂತಿತು. ಬೇರೆ ಯಾವ ಮನೆಯಲ್ಲಾದರೂ, ಬೇರೆ ಯಾವ ಸೊಸೆಗಾದರೂ ಮೊದಲು ಬರುವ ಯೋಚನೆ ಯಾವುದು? ನಮ್ಮ ಮನೆಯಲ್ಲಿ ಯಾರಿಗೂ ಅದು ಬರಲಿಲ್ಲ. ನನಗೂ ಬರಲಿಲ್ಲ. ನನ್ನ ಮೈಗೆ ಮುಟ್ಟು ನಿಲ್ಲುವುದು ಹೊಸದಲ್ಲವಲ್ಲ. ಹಳೆಯ ರೋಗ ತಿರುಗಿ ಬಂತು, ಮದರಾಸಿಗೆ ಹೋಗಿ ಹೊಟ್ಟೆ ಕೊಯ್ಯಿಸಿಕೊಂಡದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು ಎಂದು ಮೂರು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದೆ. ಅತ್ತೆ ತಲೆ ಸವರಿ, "ಹೋಗ್ಲಿ ಬಿಡು ತಾಯಿ, ಕೈಗುಣನಾದ್ರೂ ವಾಪಸ್ ಬಂತು" ಎಂದು ಸಮಾಧಾನ ಹೇಳಿದರು. ಕೂಲಿಯವಳನ್ನು ಬಿಡಿಸಿದರು. ನಾನು ಹುಳುಮನೆಗೆ ಹೋದೆ.

ವಾಂತಿಯಾಗುತ್ತಿತ್ತು. ಆಪರೇಷನ್ ಆದಾಗಿನಿಂದ ಆಗುತ್ತಲೇ ಇತ್ತಲ್ಲ, ಯಾರು ಗಮನಿಸುತ್ತಾರೆ? ತಲೆ ಸುತ್ತುತ್ತಿತ್ತು. ಗಂಜಿ ಕುಡಿದು ಬದುಕುವವಳಿಗೆ ತಲೆ ಸುತ್ತದೆ ಇನ್ನೇನು? ಹೊಟ್ಟೆಯ ಜೋಲು ಚರ್ಮ ಸ್ವಲ್ಪ ಬಿಗಿಯಾದ ಹಾಗಿತ್ತು. ಮತ್ತೆ ದಪ್ಪಗಾಗುತ್ತಿದ್ದೇನೆ ಎಂದು ಹೆದರಿ ಗಂಜಿಯನ್ನು ಇನ್ನೂ ಕಡಿಮೆ ಮಾಡಿದೆ. ಸೊಪ್ಪಿನ ಹೊರೆ ಹೊತ್ತೆ, ತಟ್ಟೆಗಳನ್ನು ಎತ್ತಿ ಇಳಿಸಿದೆ. ಆ ಸಲ ಬೆಳೆ ಚೆನ್ನಾಗಿ ಬಂತು. ಅತ್ತೆ ಖುಷಿಯಲ್ಲಿ ನನಗೊಂದು ಸೀರೆ ತಂದರು.

ಒಂದು ಮಧ್ಯಾಹ್ನ ಹುಳುಮನೆಯಲ್ಲಿ ಕೂತು ಕಸ ತೆಗೆಯುತ್ತಿದ್ದೆ. ಹೊಟ್ಟೆಯೊಳಗೆ ಏನೋ ಮಿಸುಕಿತು. ಹೊಲಿಗೆ ಬಿಟ್ಟಿತು ಎಂದುಕೊಂಡೆ. ಹೆದರಿ ಕೈಯಿಟ್ಟೆ, ಮತ್ತೆ ಮಿಸುಕಿತು. ಮರುದಿನವೇ ಗಂಡ ಕೋಲಾರಕ್ಕೆ ಕರೆದುಕೊಂಡು ಹೋದರು. ಲೇಡಿ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಮತ್ತೊಮ್ಮೆ ಒತ್ತಿ ನೋಡಿದರು. ಆಮೇಲೆ, "ಐದು ತಿಂಗಳು ದಾಟಿದೆ. ಎಲ್ಲಿದ್ರಿ ನೀವೆಲ್ಲ ಇಷ್ಟು ದಿನ?" ಎಂದರು. ನಾನು ನಕ್ಕೆ. ಅವರು ಬೈಯುತ್ತಲೇ ಇದ್ದರು, ನನಗೆ ನಗು ತಡೆಯಲಾಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಗಂಡ ನನ್ನ ಕೈ ಬಿಡಲೇ ಇಲ್ಲ, ಎದುರು ಸೀಟಿನವರು ನೋಡುತ್ತಿದ್ದರೂ ಬಿಡಲಿಲ್ಲ.

ಮನೆಗೆ ಬಂದದ್ದೇ ಅತ್ತೆ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತು, ಇನ್ನು ಈ ಕಡೆ ಬರಬೇಡ ಎಂದರು. ಹಾಲು, ತುಪ್ಪ, ಮೊಟ್ಟೆ, ಬೆಲ್ಲ ಹಾಕಿದ ರಾಗಿ ಹುರಿಹಿಟ್ಟು, ಮನೆಯಲ್ಲಿದ್ದುದೆಲ್ಲ ನನ್ನ ಮುಂದೆ ಬಂತು. ಡಾಕ್ಟರು ಕೊಟ್ಟ ಗುಳಿಗೆಗಳು ಬಂದವು. ಯಾವುದೂ ಒಳಗೆ ನಿಲ್ಲಲಿಲ್ಲ. ಮೂರು ಚಮಚಕ್ಕೆ ಹೊಟ್ಟೆ ತುಂಬುತ್ತಿತ್ತು, ನಾಲ್ಕನೆಯದಕ್ಕೆ ಎಲ್ಲ ಹೊರಗೆ. ಹುಟ್ಟಿದಾಗಿನಿಂದ ತಿನ್ನು ತಿನ್ನು ಎಂದು ನನಗೆ ತಿನ್ನಿಸಿದ್ದರು, ಬೇಡದಾಗಲೆಲ್ಲ ತಿಂದಿದ್ದೆ. ಈಗ ತಿನ್ನಲೇಬೇಕಾದ ಹೊತ್ತಿನಲ್ಲಿ ನನ್ನ ಹೊಟ್ಟೆ ಬೀಗ ಹಾಕಿಕೊಂಡು ಕೂತಿತ್ತು. ವಾಂತಿ ಮಾಡಿದ ತಂಬಿಗೆ ಹಿಡಿದುಕೊಂಡೇ ಅತ್ತೆ ಅಳುತ್ತಿದ್ದರು. ನಾನು ಬಾಯಿ ತೊಳೆದುಕೊಂಡು ಮತ್ತೆ ಚಮಚ ಎತ್ತುತ್ತಿದ್ದೆ. ದೇವರನ್ನು ಬೈದಷ್ಟೂ ಬೈದೆ, ಆ ದಿನಗಳಲ್ಲಿ ನನಗೆ ಅದೊಂದು ಕೆಲಸ ಚೆನ್ನಾಗಿ ಬರುತ್ತಿತ್ತು.

ಏಳನೇ ತಿಂಗಳಲ್ಲಿ ನೋವು ಬಂತು. ಕೋಲಾರಕ್ಕೆ ಹೋಗಲು ಗಾಡಿ ತರಲು ಹೋದ ಗಂಡ ಹಿಂದಿರುಗುವಷ್ಟರಲ್ಲಿ ಹೆರಿಗೆ ಆಗಿಹೋಗಿತ್ತು. ಹೆಣ್ಣು. ಅತ್ತಿತು, ನಾನು ಕೇಳಿದೆ. ಊರಿನ ಸೂಲಗಿತ್ತಿ ಅದನ್ನು ಎತ್ತಿ ನೋಡಿ ಅತ್ತೆಯ ಮುಖ ನೋಡಿದಳು. ಅತ್ತೆ ಅರಳೆಯಲ್ಲಿ ಸುತ್ತಿ ತಮ್ಮ ಎದೆಯ ಮೇಲೆ, ರವಿಕೆಯೊಳಗೆ ಇಟ್ಟುಕೊಂಡು ಗೋಡೆಗೆ ಒರಗಿದರು. ತಾವೇ ಬಿಸಿ ಕೊಡಬಹುದು ಎಂದುಕೊಂಡರೋ ಏನೋ. ಗಾಡಿ ಬಂದಾಗ, "ಬೇಡಪ್ಪಾ, ಈಗ ಅಲುಗಿಸಬೇಡ" ಎಂದರು. ಬೆರಳಿನಿಂದ ಒಂದೊಂದೇ ತೊಟ್ಟು ಜೇನು ತುಟಿಗೆ ಮುಟ್ಟಿಸಿದರು. ದೀಪ ಹಚ್ಚುವ ಹೊತ್ತಿಗೆ ಅವರ ಕೈ ನಿಂತಿತು. ಅವರು ಏಳಲಿಲ್ಲ, ಯಾರಿಗೂ ಹೇಳಲಿಲ್ಲ. ಅವರು ಹಾಗೆ ಕೂತದ್ದನ್ನು ನೋಡಿಯೇ ನನಗೆ ಗೊತ್ತಾಯಿತು.

ಗಂಡ ಅದನ್ನು ಬಿಳಿ ಬಟ್ಟೆಯಲ್ಲಿ ಎತ್ತಿಕೊಂಡು ತೋಟದ ಅಂಚಿಗೆ ಹೋದರು. ಅಷ್ಟು ಚಿಕ್ಕದಕ್ಕೆ ಶಾಸ್ತ್ರವಿಲ್ಲವಂತೆ, ಹೆಸರಿಲ್ಲವಂತೆ, ಮನೆಯ ಬೇರೆಯವರಿಗೆ ಹೆಚ್ಚು ದಿನ ಸೂತಕವೂ ಇಲ್ಲವಂತೆ. ತಾಯಿ ಹೋಗಬಾರದಂತೆ. ಯಾರು ಇದನ್ನೆಲ್ಲ ಮಾಡಿಟ್ಟರೋ ಅವರು ಒಂದು ದಿನವೂ ಹೆತ್ತಿರಲಿಕ್ಕಿಲ್ಲ. ನನಗೆ ಮತ್ತೆ ಮಗುವಾಗಲಿಲ್ಲ. ಮುಂದಿನ ವರ್ಷ ನಂಗಲಿಯ ಹುಡುಗಿ ಮನೆಗೆ ಸೊಸೆಯಾಗಿ ಬಂದಳು. ಅದರ ಬಗ್ಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ, ಆಗುವುದು ಆಯಿತು ಅಷ್ಟೆ.

ನಾನು ಬರೆಯಬೇಕೆಂದುಕೊಂಡದ್ದು ಮಗು ಹೋದ ಮೂರನೇ ದಿನದ ಬಗ್ಗೆ. ಬೆಳಿಗ್ಗೆ ಎದ್ದಾಗ ನನ್ನ ರವಿಕೆ ಒದ್ದೆಯಾಗಿತ್ತು. ಮೊದಲು ಬೆವರು ಎಂದುಕೊಂಡೆ. ಹಾಲು ಬಂದಿತ್ತು. ಗಂಜಿಯನ್ನೂ ಇಟ್ಟುಕೊಳ್ಳಲಾಗದ ಮೈ, ಮೂಳೆ ಚಕ್ಕಳವಾಗಿದ್ದ ಮೈ, ಎಲ್ಲಿಂದಲೋ ತಂದು ಹಾಲು ಮಾಡಿತ್ತು. ಎದೆ ಕಲ್ಲಾಗಿ ಸಿಡಿಯುತ್ತಿತ್ತು. ಅತ್ತೆ ಬಾಗಿಲಿಗೆ ಬಂದು ನೋಡಿ ಹಾಗೇ ಹೋದರು. ಸ್ವಲ್ಪ ಹೊತ್ತಿಗೆ ಮಲ್ಲಿಗೆಯ ದಿಂಡು ಮತ್ತು ಹಳೆಯ ಸೀರೆಯ ತುಂಡು ಹಿಡಿದು ಬಂದರು. ನಮ್ಮ ಕಡೆ ಮಗು ಹೋದರೆ ಎದೆಗೆ ಮಲ್ಲಿಗೆ ಹೂವಿಟ್ಟು ಬಿಗಿಯಾಗಿ ಬಟ್ಟೆ ಕಟ್ಟುತ್ತಾರೆ, ಹಾಲು ಬತ್ತುತ್ತದೆ.

"ಎದ್ದು ಕೂತ್ಕೋ ತಾಯಿ, ಕಟ್ಟಿಬಿಡ್ತೀನಿ. ಬಿಟ್ರೆ ಗಡ್ಡೆ ಕಟ್ಟುತ್ತೆ, ಜ್ವರ ಬರುತ್ತೆ."

"ಇವತ್ತೊಂದು ದಿನ ಬಿಡಿ ಅತ್ತಮ್ಮಾ" ಎಂದೆ.

"ಯಾಕೆ?"

"ಈ ಮೈಯಿ ಇಷ್ಟು ವರ್ಷಕ್ಕೆ ಒಂದು ಕೆಲಸ ಸರಿಯಾಗಿ ಮಾಡೈತೆ. ನೋಡ್ಕೊಂತೀನಿ."

ಅವರು ಹೂವನ್ನು ನೀರು ಚಿಮುಕಿಸಿ ಬಾಳೆಲೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟರು. ನನ್ನ ಹಾಸಿಗೆಯ ಅಂಚಿನಲ್ಲಿ ಕೂತರು. ಹಾಲು ಸುಮ್ಮನೆ ಸುರಿಯುತ್ತಿತ್ತು, ರವಿಕೆ ತೊಯ್ದು ಸೆರಗಿಗಿಳಿಯಿತು, ಚಾಪೆಗಿಳಿಯಿತು. ಅವರು ಒರೆಸಲು ಬಟ್ಟೆ ತೆಗೆದುಕೊಂಡವರು ಒರೆಸದೆ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಮರುದಿನ ಬೆಳಿಗ್ಗೆ ನಾನೇ ಎದ್ದು ಕೂತು ಕಟ್ಟಿ ಎಂದೆ, ಅವರು ಕಟ್ಟಿದರು.